ಎಲ್ಲ ಗಡಿಯಾರಗಳೂ ಸರಿ

ನಮ್ಮ ಶಾಲೆಯಲ್ಲಿ ನನ್ನಷ್ಟು ಚೆಂದದ ವರದಿ ಬರೆಯುವವರು ಇನ್ನೊಬ್ಬರಿಲ್ಲ. ಇದು ಹೆಡ್ ಮೇಡಂ ಮಾತು. ಅವರು ಎರಡು ವರ್ಷದಿಂದ ನನ್ನ ಬಗ್ಗೆ ಒಳ್ಳೆಯ ಮಾತು ಬಿಟ್ಟು ಬೇರೇನೂ ಆಡಿಲ್ಲ. ಗಂಡ ತೀರಿಕೊಂಡ ಮೇಲೆ ನನ್ನ ಕೆಲಸ ಏಕಾಏಕಿ ಸುಧಾರಿಸಿಬಿಟ್ಟಿದೆ. ತಡವಾಗಿ ಬಂದರೆ "ಪರವಾಗಿಲ್ಲಮ್ಮ." ಬಾರದಿದ್ದರೆ "ಪಾಪ." ಸಿಬ್ಬಂದಿ ಸಭೆಯಲ್ಲಿ ಒಂದಕ್ಷರ ಕೇಳಿಸಿಕೊಳ್ಳದೆ ಗೋಡೆ ನೋಡುತ್ತ ಕೂತರೆ "ಎಷ್ಟು ತೂಕದ ಹೆಣ್ಣು." ಸತ್ತವನು ಇದನ್ನು ಕೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವನ ಲೆಕ್ಕದಲ್ಲಿ ನಾನು ತೂಕದವಳಲ್ಲ, ಮೊಂಡಿ.

ಮನೆಯಲ್ಲೂ ಅದೇ ಕಥೆ. ಮೊದಲೆಲ್ಲ ಅತ್ತೆ ನನ್ನ ಅಡುಗೆಗೆ ಹೆಸರಿಡದ ದಿನವಿರಲಿಲ್ಲ. ಈಗ ಉಪ್ಪು ಮರೆತದ್ದನ್ನೂ "ಚೆನ್ನಾಗಿದೆ" ಎಂದು ಊಟ ಮಾಡುತ್ತಾರೆ. ಅವರು ಮಾಡಿದ ಟೀಯನ್ನು ನಾನೂ "ಚೆನ್ನಾಗಿದೆ" ಎಂದು ಕುಡಿಯುತ್ತೇನೆ. ಕೆಲವು ಸಲ ಅದರಲ್ಲಿ ಟೀಪುಡಿಯೇ ಇರುವುದಿಲ್ಲ.

ನನ್ನ ಕೆಲಸ ವಿಶೇಷ ಶಿಕ್ಷಣ. ಕಲಿಯುವುದು ನಿಧಾನವಾದ ಮಕ್ಕಳು ದಿನಕ್ಕೊಂದು ಪೀರಿಯಡ್ ತಮ್ಮ ಕ್ಲಾಸಿನಿಂದ ಎದ್ದು ನನ್ನ ಕೋಣೆಗೆ ಬರುತ್ತಾರೆ. ಹಿಂದೆ ಆಟದ ಸಾಮಾನು ತುಂಬಿಡುತ್ತಿದ್ದ ಕೋಣೆ. ಗಾಳಿ ಹೋದ ಚೆಂಡುಗಳು ಇನ್ನೂ ಮೂಲೆಯಲ್ಲಿವೆ, ನನ್ನ ಸಹೋದ್ಯೋಗಿಗಳ ಹಾಗೆ. ಆ ಮಕ್ಕಳಿಗೆ ತಕ್ಕ ಪಾಠ, ತಕ್ಕ ಹೋಂವರ್ಕ್, ತಕ್ಕ ಗ್ರೇಡ್ ಕೊಡುವವಳು ನಾನು. ಈ ಕೋಣೆಯಲ್ಲಿ ಕೆಂಪು ಪೆನ್ನು ಇಲ್ಲ, ತಪ್ಪು ಗುರುತೂ ಇಲ್ಲ. ಉತ್ತರ ತಪ್ಪಿದ್ದರೆ ಪಕ್ಕದಲ್ಲೊಂದು ಹಸಿರು ಚುಕ್ಕಿ ಇಡಬೇಕು, ಅಷ್ಟೇ. ಮಕ್ಕಳ ಮನಸ್ಸು ನೋಯಬಾರದು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದೆ. ನನ್ನ ಹಾಳೆಗಳಲ್ಲಿ ಚುಕ್ಕಿಗೂ ಜಾಗವಿರಲಿಲ್ಲ. ಎಲ್ಲ ಮಕ್ಕಳದೂ ಎಲ್ಲವೂ ಸರಿ.

ಅವರಲ್ಲಿ ಬುಗುರಿಯದು ಎಲ್ಲರಿಗಿಂತ ಹೆಚ್ಚು ಸರಿ.

ಬುಗುರಿ ಏಳನೇ ಕ್ಲಾಸಿನ ಹುಡುಗಿ. ಕೂತಲ್ಲಿ ಕೂರುವುದಿಲ್ಲ, ಅದಕ್ಕೇ ಆ ಹೆಸರು. ಈ ವರ್ಷ ಅವಳು ಗಡಿಯಾರ ನೋಡಿ ಗಂಟೆ ಹೇಳಲು ಕಲಿಯಬೇಕಿತ್ತು. ನನ್ನ ಬಳಿ ಮುಳ್ಳಿಲ್ಲದ ಗಡಿಯಾರದ ಒಂದು ರಬ್ಬರ್ ಸ್ಟ್ಯಾಂಪ್ ಇದೆ. ಹಾಳೆಯ ತುಂಬ ಅದನ್ನು ಒತ್ತಿ, ಮುಳ್ಳು ಬರೆದು ಕೊಡುತ್ತಿದ್ದೆ. ಮೊದಮೊದಲು ಅವಳು ಹಾಳೆ ನೋಡಿದ ಕೂಡಲೇ ಕಣ್ಣು ತುಂಬಿಕೊಳ್ಳುತ್ತಿದ್ದಳು. ಅಳುವ ಮಗುವಿನ ಎದುರು ಅಳಲು ಬಾರದ ಹೆಂಗಸು ಕೂತಿರುವುದು ಕಷ್ಟ. ಆಮೇಲೆ ಏನಾಯಿತೋ, ಹೇಳತೊಡಗಿದಳು. ಮೂರು ಗಂಟೆ, ಸರಿ. ಆರೂವರೆ, ಸರಿ. ಕಾಲು, ಮುಕ್ಕಾಲು, ಹತ್ತು ನಿಮಿಷ ಕಡಿಮೆ, ಎಲ್ಲವೂ ಸರಿ. ಪೆನ್ಸಿಲ್ ತುದಿಯನ್ನು ಅಂಕಿಯಿಂದ ಅಂಕಿಗೆ ಆಡಿಸುತ್ತ ನನ್ನನ್ನೇ ನೋಡುತ್ತಿದ್ದಳು. ಟೀಚರ್ ಮೇಲೆ ಎಂಥ ಪ್ರೀತಿ ಎಂದುಕೊಂಡೆ.

ಹೋಂವರ್ಕನ್ನು ಅವಳು ಬೆಳಿಗ್ಗೆ ಬೆಲ್ ಆಗುವ ಮೊದಲು ನನ್ನ ಮೇಜಿನ ಮುಂದೆ ಕೂತು ಮುಗಿಸುತ್ತಿದ್ದಳು. "ಮನೇಲಿ ಪೆನ್ಸಿಲ್ ಮುರಿದೋಯ್ತು ಮಿಸ್." "ಮನೇಲಿ ಲೈಟ್ ಇರ್ಲಿಲ್ಲ ಮಿಸ್." "ಮನೇಲಿ ನಾನೇ ಇರ್ಲಿಲ್ಲ ಮಿಸ್." ಹೋಂವರ್ಕನ್ನು ಮನೆಯಲ್ಲೇ ಮಾಡಬೇಕೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಯೂನಿವರ್ಸಿಟಿಯಲ್ಲಿ ಓದಿದರೆ ಇದೊಂದು ಲಾಭ. ಸೋಮಾರಿತನಕ್ಕೂ ಒಂದು ಸಿದ್ಧಾಂತ ಸಿಕ್ಕುತ್ತದೆ.

ವರ್ಷದ ಕೊನೆಗೆ ವರದಿ ಬರೆದೆ. "ಎಲ್ಲ ಗುರಿಗಳನ್ನೂ ಪೂರ್ಣವಾಗಿ ಸಾಧಿಸಿದ್ದಾಳೆ."

ಹೆಡ್ ಮೇಡಂ ಅದನ್ನು ಓದಿ, ಕನ್ನಡಕ ತೆಗೆದು, ನನಗಾಗಿಯೇ ಇಟ್ಟುಕೊಂಡಿದ್ದ ನಗೆ ನಕ್ಕರು. ಆಸ್ಪತ್ರೆಯಲ್ಲಿ ರೋಗಿಯ ಕಡೆಯವರನ್ನು ನೋಡಿ ನಗುತ್ತಾರಲ್ಲ, ಅಂಥದು.

"ಇಷ್ಟು ದುಃಖದಲ್ಲೂ ಎಂಥಾ ಕೆಲಸ ಮಾಡಿದ್ದೀಯಮ್ಮ! ಹಾಗಾದ್ರೆ ಈ ಹುಡುಗಿಗೆ ಇನ್ನು ನಿನ್ನ ಕೋಣೆ ಬೇಡ. ಎಂಟನೇ ಕ್ಲಾಸಿಗೆ ಹೋಗಿ ಎಲ್ಲರ ಜೊತೆ ಕೂರ್ಲಿ, ಎಲ್ಲರ ಥರ ಪರೀಕ್ಷೆ ಬರೀಲಿ. ಅವಳ ಜಾಗಕ್ಕೆ ಎಷ್ಟು ಮಕ್ಕಳು ಕಾಯ್ತಿದಾರೆ ಗೊತ್ತಲ್ಲ? ಶನಿವಾರದ ಸಭೇಲಿ ಮುಗಿಸಿಬಿಡೋಣ."

ನಮ್ಮಲ್ಲಿ ಒಮ್ಮೆ ಬಿಟ್ಟುಕೊಟ್ಟ ಜಾಗ ಮತ್ತೆ ಸಿಕ್ಕುವುದಿಲ್ಲ. ನನಗೆ ಅದು ಗೊತ್ತಿತ್ತು. ಆದರೂ ತಲೆಯಾಡಿಸಿದೆ. ಆಗ ನಾನು ಎಲ್ಲದಕ್ಕೂ ತಲೆಯಾಡಿಸುತ್ತಿದ್ದೆ. ಶಾಲೆ ಮಾರುತ್ತೇವೆ ಎಂದಿದ್ದರೂ ಆಡಿಸುತ್ತಿದ್ದೆ.

ಮರುದಿನ ಬುಗುರಿಯ ತಾಯಿ ಬಂದರು. ಆಕೆ ಯೂನಿಫಾರ್ಮ್ ಹೊಲಿಯುತ್ತಾರೆ. ಅಂಗಡಿಯಿಂದ ನೇರ ಬಂದದ್ದಕ್ಕೆ ಕುತ್ತಿಗೆಯಲ್ಲಿ ಅಳತೆಯ ಟೇಪು, ತುಟಿಯ ನಡುವೆ ಎರಡು ಗುಂಡುಪಿನ್ನು.

"ಮೇಡಂ, ತಪ್ಪು ತಿಳ್ಕೋಬೇಡಿ," ಎಂದರು, ಪಿನ್ನು ಬೀಳದ ಹಾಗೆ. "ಹೆಡ್ ಮೇಡಂ ಫೋನ್ ಮಾಡಿದ್ರು. ಮಗಳು ಎಲ್ಲ ಕಲ್ತುಬಿಟ್ಟಿದಾಳೆ ಅಂದ್ರು. ಏನು ಕಲ್ತಿದಾಳೆ?"

"ಗಡಿಯಾರ. ಚೆನ್ನಾಗಿ ಹೇಳ್ತಾಳಲ್ಲ?"

"ಯಾರ ಮನೇಲಿ?"

ಆಕೆ ಪಿನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡರು. ಇನ್ನು ಮಾತು ಉದ್ದವಾಗುತ್ತದೆ ಎಂದು ಗೊತ್ತಾಯಿತು.

"ನಮ್ಮನೇಲಿ ಗೋಡೆ ತುಂಬಾ ಗಡಿಯಾರ ಇದ್ರೂ ಗಂಟೆ ಎಷ್ಟೇ ಅಂದ್ರೆ 'ಊಟದ ಹೊತ್ತು' ಅಂತಾಳೆ. ಬೆಳಿಗ್ಗೆನೂ ಊಟದ ಹೊತ್ತು, ಸಂಜೆನೂ ಊಟದ ಹೊತ್ತು. ನಾನೂ ಹೇಳ್ಕೊಡೋಕೆ ಕೂತೆ. ನನ್ನ ಮುಖಾನೇ ದಿಟ್ಟಿಸಿ ನೋಡ್ತಾಳೆ, ನೋಡ್ತಾಳೆ, ಆಮೇಲೆ 'ನಿನ್ನ ಮುಖ ಸರಿ ಇಲ್ಲ, ನಂಗೆ ಮಿಸ್ ಬೇಕು' ಅಂತ ಎದ್ದೋಗ್ತಾಳೆ. ನನ್ನ ಮುಖಕ್ಕೇನಾಗಿದೆ ಮೇಡಂ?"

"ಏನೂ ಆಗಿಲ್ಲ."

"ಅವರಪ್ಪಾನೂ ಹಾಗೇ ಅಂದ್ರು. ಮದುವೆ ಆದಾಗಿನಿಂದ ಅವರು ಒಪ್ಪಿರೋದು ಅದೊಂದೇ." ಕುತ್ತಿಗೆಯ ಟೇಪನ್ನು ಬೆರಳಿಗೆ ಸುತ್ತಿಕೊಂಡರು. "ನಿಮ್ಮ ಕೋಣೆ ತಪ್ಪಿಹೋದ್ರೆ ಅವಳು ಶಾಲೇನೇ ಬಿಟ್ಬಿಡ್ತಾಳೆ ಮೇಡಂ. ದೊಡ್ಡ ಕ್ಲಾಸಲ್ಲಿ ಅವಳು ಕೂತಿರೋದು ನಿಮ್ಮ ಪೀರಿಯಡ್ಡಿಗೆ ಕಾಯ್ತಾ. ಇಲ್ಲೇ ಉಳಿಸ್ಕೊಳ್ಳಿ. ಫೇಲ್ ಮಾಡಿ ಬೇಕಾದ್ರೆ."

ಮಕ್ಕಳನ್ನು ಪಾಸು ಮಾಡಿ ಎಂದು ಬೇಡಿಕೊಂಡವರನ್ನು ನೋಡಿದ್ದೇನೆ. ಫೇಲು ಮಾಡಿ ಎಂದವರು ಇವರೊಬ್ಬರೇ. ಆ ಕ್ಷಣಕ್ಕೆ ನನಗೆ ಆಕೆಯ ಮೇಲೆಯೇ ಅನುಮಾನ ಬಂತು. ತಾಯಂದಿರಿಗೆ ತಾಳ್ಮೆ ಇರುವುದಿಲ್ಲ, ಮಗುವನ್ನು ಹೆದರಿಸುತ್ತಾರೆ, ಅದಕ್ಕೇ ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು. ನಾನು ಡೊಂಕು ಎಂದ ನೆಲವೂ ಇನ್ನೊಬ್ಬರ ಮನೆಯದು.

ಆ ದಿನ ಬುಗುರಿ ಬಂದಾಗ ಹೊಸ ಹಾಳೆ ಕೊಟ್ಟೆ. ಮೊದಲ ಎರಡನ್ನು ಸರಿಯಾಗಿಯೇ ಹೇಳಿದಳು. ನೋಡಿದಿರಾ, ಎಂದು ಮನಸ್ಸಿನಲ್ಲೇ ಆ ತಾಯಿಗೆ ಹೇಳಿ, ರಬ್ಬರ್ ತೆಗೆಯಲು ಎದ್ದು ಬೀರುವಿನ ಕಡೆ ತಿರುಗಿದೆ.

"ಮೂರನೇದು ಎಷ್ಟು ಗಂಟೆ?" ಬೀರುವಿನೊಳಗೆ ಕೈಯಾಡಿಸುತ್ತ ಕೇಳಿದೆ.

ಹಿಂದೆ ಪೆನ್ಸಿಲ್ಲಿನ ಟಕಟಕ ನಿಂತಿತು.

"ಬುಗುರಿ?"

"ಈ ಕಡೆ ತಿರುಗಿ ಮಿಸ್. ಕಾಣಿಸ್ತಿಲ್ಲ."

"ಏನು ಕಾಣಿಸ್ತಿಲ್ಲ? ಹಾಳೆ ನಿನ್ನ ಮುಂದೇನೇ ಇದೆಯಲ್ಲ."

"ಹಾಳೆ ಅಲ್ಲ ಮಿಸ್. ಉತ್ತರ."

ರಬ್ಬರ್ ಸಿಕ್ಕಿತ್ತು. ಅದನ್ನು ಹಿಡಿದು ಬಂದು ಕೂತು, ಆದಷ್ಟು ಮೆಲ್ಲಗೆ ಕೇಳಿದೆ, "ಉತ್ತರ ಎಲ್ಲಿರುತ್ತೆ?"

ಅವಳಿಗೆ ಮುಚ್ಚುಮರೆಯೇ ಇರಲಿಲ್ಲ. ಗುಟ್ಟೆಂದು ಅನಿಸಿದ್ದರೆ ತಾನೇ ಮುಚ್ಚುವುದು? ಪೆನ್ಸಿಲ್ಲಿನಿಂದ ನನ್ನ ಎಡಹುಬ್ಬನ್ನು ತೋರಿಸಿದಳು.

"ಸರಿ ಅಂಕಿ ಹತ್ರ ಬಂದ್ರೆ ಇದು ಮೇಲೆ ಹೋಗುತ್ತೆ. ಸ್ವಲ್ಪಾನೇ. ತಪ್ಪಾದ್ರೆ ಮೂಗು ಹಿಂಗೆ ಅಗಲ ಆಗುತ್ತೆ." ಮೂಗರಳಿಸಿ ತೋರಿಸಿದಳು. ಬೇಟೆನಾಯಿಯ ಹಾಗಿತ್ತು. "ಅರ್ಧ ಗಂಟೆಗೆ ಬಾಯಿ ಸಣ್ಣಗೆ ಮಾಡ್ತೀರಿ. ಕಾಲಿಗೆ ಕಣ್ಣು ಆ ಕಡೆ ಹೋಗುತ್ತೆ, ಮುಕ್ಕಾಲಿಗೆ ಈ ಕಡೆ. ತುಂಬ ಕಷ್ಟ ಮಿಸ್ ನಿಮ್ಮ ಮುಖ. ನಂಗೆ ಬಹಳ ದಿನ ಹಿಡೀತು."

ಎರಡು ವರ್ಷದಿಂದ ಊರೆಲ್ಲ ಹೇಳುವುದು ಒಂದೇ ಮಾತು. ಅವಳ ಮುಖದಲ್ಲಿ ಏನೂ ಕಾಣುವುದಿಲ್ಲ, ಕಲ್ಲಿನ ಹಾಗಿದ್ದಾಳೆ. ತಂಗಿ ಹೇಳಿದ್ದಳು, ಡಾಕ್ಟರು ಹೇಳಿದ್ದರು, ಪಕ್ಕದ ಮನೆಯವರು ನನಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ್ದರು. ಆ ಕಲ್ಲನ್ನು ಓದಿ ಒಬ್ಬ ಹುಡುಗಿ ನೂರಕ್ಕೆ ನೂರು ತೆಗೆದಿದ್ದಳು.

ಮಗು ಪಾಠ ಬಿಟ್ಟು ಟೀಚರನ್ನು ಓದುವುದಕ್ಕೆ ನಮ್ಮ ವಿದ್ಯೆಯಲ್ಲಿ ಒಂದು ಹೆಸರೂ ಇದೆ, ಒಂದು ಅಧ್ಯಾಯವೂ ಇದೆ. ಫೈನಲ್ ಪರೀಕ್ಷೆಯಲ್ಲಿ ಆ ಪ್ರಶ್ನೆಯೇ ಬಂದಿತ್ತು. ಬಹಳ ಚೆನ್ನಾಗಿ ಬರೆದಿದ್ದೆ. ಬಹುಶಃ ಆಗಲೂ ಪ್ರೊಫೆಸರರ ಮುಖ ನೆನೆಸಿಕೊಂಡೇ ಬರೆದಿರಬೇಕು.

"ಮುಂದಿನ ವರ್ಷ ನಾನಿಲ್ಲಿಗೆ ಬರಲ್ವಂತೆ," ಎಂದಳು ಬುಗುರಿ. ಬುಗುರಿ ಎಂಬ ಹೆಸರಿಗೆ ಅವಮಾನವಾಗುವಂತೆ ಅಲುಗಾಡದೆ ಕೂತಿದ್ದಳು. "ಆ ಕ್ಲಾಸಲ್ಲಿ ಸರ್ರು ಬೋರ್ಡ್ ಕಡೆಗೇ ತಿರುಗಿರ್ತಾರೆ ಮಿಸ್. ನಾನು ಯಾರ ಮುಖ ನೋಡ್ಲಿ?"

ಹೆಡ್ ಮೇಡಂ ಕೋಣೆಗೆ ಹೋದೆ. ವರದಿ ತಪ್ಪು, ಆ ಹುಡುಗಿಗೆ ಗಡಿಯಾರ ಬರುವುದಿಲ್ಲ, ಅವಳನ್ನು ನನ್ನ ಕೋಣೆಯಿಂದ ತೆಗೆಯಬೇಡಿ ಎಂದೆ. ಅವರು ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ನಿನಗೆ ಹಾಗನ್ನಿಸುತ್ತಮ್ಮ. ಎಲ್ಲದರಲ್ಲೂ ತಪ್ಪೇ ಕಾಣೋ ಕಾಲ ಇದು. ನಮ್ಮ ಅಕ್ಕನಿಗೂ ಹೀಗೇ ಆಗಿತ್ತು. ಎರಡು ದಿನ ರಜಾ ಹಾಕು."

"ರಜಾ ಬೇಡ ಮೇಡಂ. ಅವಳು ನನ್ನ ಹುಬ್ಬು ನೋಡಿ ಗಂಟೆ ಹೇಳ್ತಾಳೆ."

ಅವರು ನನ್ನ ಹುಬ್ಬು ನೋಡಿದರು. ಕೈ ಹೆಗಲಿನಿಂದ ಬೆನ್ನಿಗೆ ಇಳಿದು ತಟ್ಟತೊಡಗಿತು.

"ಸರಿ, ಸರಿ. ನೀರು ಕುಡೀತೀಯಾ?"

"ನನ್ನ ಗಂಡ ಸತ್ತಿದ್ದಕ್ಕೂ ಗಡಿಯಾರಕ್ಕೂ ಸಂಬಂಧ ಇಲ್ಲ ಮೇಡಂ."

ತಟ್ಟುವುದು ನಿಂತಿತು. ಆ ಮಾತನ್ನು ನಾನು ಯಾರ ಹತ್ತಿರವೂ ಅಷ್ಟು ಬಿಡಿಸಿ ಆಡಿರಲಿಲ್ಲ. ಗಡಿಯಾರದ ನೆಪದಲ್ಲಿ ಬಾಯಿಗೆ ಬಂತು.

"ನೀವೇ ಒಂದು ಸಲ ಪರೀಕ್ಷೆ ಮಾಡಿ," ಎಂದೆ. "ನಿಮ್ಮ ಮುಖ ಅವಳಿಗೆ ಅಭ್ಯಾಸ ಇಲ್ಲ."

ಶುಕ್ರವಾರ ಅವರು ನನ್ನ ಕೋಣೆಗೆ ಬಂದು ನನ್ನ ಕುರ್ಚಿಯಲ್ಲಿ ಕೂತರು. ನಾನು ಬೀರುವಿನ ಬಾಗಿಲಿಗೆ ಮುಖ ಮಾಡಿ ನಿಂತೆ, ಶಿಕ್ಷೆಗೆ ನಿಲ್ಲಿಸಿದ ಮಗುವಿನ ಹಾಗೆ. ಹಾಳೆಯಲ್ಲಿ ಯಾವ ಗಡಿಯಾರ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಮೊದಲನೆಯದು ಎಂಟೂಕಾಲು.

"ಹೇಳು ಪುಟ್ಟಿ, ಇದೆಷ್ಟು?"

ಅವಳು ಹೊಸ ಮುಖವನ್ನು ಮೇಲಿಂದ ಕೆಳಗೆ ಓದುತ್ತಿದ್ದಾಳೆಂದು ಬೆನ್ನಿಗೇ ತಿಳಿಯುತ್ತಿತ್ತು.

"ಹತ್ತು ಗಂಟೆ?" ಎಂದಳು, ಕೇಳುವ ಹಾಗೆ. ಆಮೇಲೆ ಖಚಿತವಾಗಿ, "ಹತ್ತು ಗಂಟೆ!"

"ಇದು?"

"ಹನ್ನೆರಡೂವರೆ!" ಅದು ಐದಕ್ಕೆ ಹತ್ತು ನಿಮಿಷ ಕಡಿಮೆ.

"ಇದು?"

"ಏಳು!" ಅದು ನಿಜಕ್ಕೂ ಏಳು. ಪೂರ್ತಿ ಗಂಟೆಗಳು ಅವಳಿಗೆ ಬರುತ್ತಿದ್ದವು. ಅಷ್ಟನ್ನು ನಾನೇ ಕಲಿಸಿದ್ದು ಎಂದು ಬೀರುವಿಗೆ ಹೇಳಿಕೊಂಡೆ.

ಉಳಿದದ್ದನ್ನೂ ಅವಳು ಸಂಭ್ರಮದಿಂದ ಹೇಳಿ ಮುಗಿಸಿದಳು. ಒಂದಕ್ಕೊಂದು ಸಂಬಂಧವಿಲ್ಲದ ಗಂಟೆಗಳು, ಒಂದಕ್ಕಿಂತ ಒಂದು ಗಟ್ಟಿಯಾದ ದನಿಯಲ್ಲಿ. ಹೆಡ್ ಮೇಡಂ ಹಾಳೆ ಮಡಚಿದ ಸದ್ದಾಯಿತು.

"ಎರಡು ಬಿಟ್ಟು ಎಲ್ಲ ತಪ್ಪು," ಎಂದರು.

"ತಪ್ಪಾ? ನನ್ನದಾ?" ತನ್ನ ಉತ್ತರಕ್ಕೆ ಆ ಶಬ್ದ ಬುಗುರಿಗೆ ಹೊಸದು. "ಆದ್ರೆ ನೀವು ನಗ್ತಾನೇ ಇದ್ರಲ್ಲ ಮೇಡಂ? ಒಂದಕ್ಕೂ ನಿಲ್ಲಿಸ್ಲಿಲ್ಲ. ಅದಕ್ಕೇ ಎಲ್ಲ ಸರಿ ಅಂದ್ಕೊಂಡೆ."

ನಾನು ತಿರುಗಿದೆ. ಹೆಡ್ ಮೇಡಂ ಮುಖದ ಮೇಲೆ ಆ ನಗೆ ಇನ್ನೂ ಇತ್ತು, ಇಳಿಸುವುದು ಹೇಗೆಂದು ತಿಳಿಯದೆ. ಬುಗುರಿಯನ್ನು ಕ್ಲಾಸಿಗೆ ಕಳಿಸಿ ಬಾಗಿಲು ಹಾಕಿದ ಮೇಲೆ ಅದು ಇಳಿಯಿತು.

"ಏನಿದು? ವರ್ಷವಿಡೀ ಆ ಮಗು ಮುಂದೆ ಕೂತು ಏನು ಮಾಡ್ತಿದ್ದೆ ನೀನು? ಮೆರವಣಿಗೆಗೆ ಕೂರಿಸಿದ ಬೊಂಬೆನಾ? ನಾಳೆ ಸಹಿ ಆಗಿದ್ರೆ ಆ ಹುಡುಗಿ ಗತಿ ಏನಾಗ್ತಿತ್ತು? 'ಪೂರ್ಣವಾಗಿ ಸಾಧಿಸಿದ್ದಾಳೆ' ಅಂತೆ! ಏನು ಸಾಧಿಸಿದ್ದಾಳೆ, ನಿನ್ನ ಮೂಗು? ಉಳಿದ ಮಕ್ಕಳ ಕಥೆ ಏನು? ಅವರು ನಿನ್ನ ಕಿವಿ ನೋಡಿ ಲೆಕ್ಕ ಮಾಡ್ತಾರಾ?"

"ಗೊತ್ತಿಲ್ಲ ಮೇಡಂ. ನೋಡ್ಬೇಕು."

"ನೋಡ್ಬೇಕಂತೆ! ಎಲ್ಲರಿಗೂ ಮತ್ತೆ ಪರೀಕ್ಷೆ ಇಡು. ವರದಿ ಎಲ್ಲ ಹೊಸದಾಗಿ ಬರಿ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೀಬೇಡ, ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ. ಆ ಹುಡುಗಿ ಜಾಗ ಹಾಗೇ ಇರುತ್ತೆ. ನಿನ್ನ ಈ ವರ್ಷದ ಕೆಲಸ ತೃಪ್ತಿಕರವಾಗಿಲ್ಲ ಅಂತ ನಾನು ಬರೀತೀನಿ. ಬೇಜಾರು ಮಾಡ್ಕೋತೀಯೋ, ಅಳ್ತೀಯೋ, ನಿನಗೆ ಬಿಟ್ಟಿದ್ದು."

"ಬರೀರಿ ಮೇಡಂ," ಎಂದೆ. ಕಿವಿ ಬಿಸಿಯಾಗಿತ್ತು. ಬಹಳ ದಿನದಿಂದ ಬೀಗ ಹಾಕಿದ ಮನೆಗೆ ಯಾರೋ ಕಲ್ಲೆಸೆದ ಹಾಗೆ. ಒಳಗೆ ಯಾರೂ ಇಲ್ಲವೆಂದುಕೊಂಡಿದ್ದೆ. ಇದ್ದಾಳೆ, ಅವಮಾನವಾಗುತ್ತಿದೆ ಅವಳಿಗೆ.

ಮನೆಗೆ ಹೋಗಿ ರಾತ್ರಿ ಊಟ ಬಡಿಸುತ್ತ ಅತ್ತೆಗೆ ಹೇಳಿದೆ. ಟಿವಿ ಸದ್ದು ಕಡಿಮೆ ಮಾಡಿ ಕೇಳಿಸಿಕೊಂಡರು.

"ಬೈದ್ರಾ? ಚೆನ್ನಾಗಿ ಬೈದ್ರಾ?"

"ಬೊಂಬೆ ಅಂದ್ರು."

"ಬೊಂಬೆ ಆದ್ರೂ ನೋಡೋಕೆ ಚೆನ್ನಾಗಿರುತ್ತೆ," ಎಂದರು ಅತ್ತೆ. ಆಮೇಲೆ ತಟ್ಟೆಯನ್ನು ಎರಡು ಬೆರಳಲ್ಲಿ ದೂರ ತಳ್ಳಿದರು. "ನೋಡು, ಅವರು ಅಂದಿದ್ದಾಯ್ತು, ನಂದೂ ಒಂದಿದೆ. ಈ ಅಡುಗೆ ನಾಯಿನೂ ಮೂಸಲ್ಲ."

"ನೀವು ಬೆಳಿಗ್ಗೆ ಮಾಡಿದ ಟೀ ಬರೀ ಬಿಸಿನೀರು."

"ಗೊತ್ತು. ಯಾವಾಗ ಹೇಳ್ತೀಯ ಅಂತ ನೋಡ್ತಿದ್ದೆ."

ಅವನ ಸಾವಿನ ನಂತರ ಆ ಮನೆಯಲ್ಲಿ ನಡೆದ ಮೊದಲ ಜಗಳ ಅದು. ಇಬ್ಬರೂ ಚೆನ್ನಾಗಿ ಊಟ ಮಾಡಿದೆವು ಎಂದು ಹೇಳುವ ಹಾಗಿಲ್ಲ, ಅಡುಗೆ ನಿಜಕ್ಕೂ ಕೆಟ್ಟಿತ್ತು.

ಶನಿವಾರ ಸಭೆಯಲ್ಲಿ ಬುಗುರಿಯ ಜಾಗ ಉಳಿಯಿತು. ಹೊಸ ವರದಿಯನ್ನು ನಾನೇ ಗಟ್ಟಿಯಾಗಿ ಓದಿದೆ. ಅಷ್ಟು ಕುರೂಪದ ವರದಿಯನ್ನು ನಾನು ಹಿಂದೆಂದೂ ಬರೆದಿರಲಿಲ್ಲ. ಹೆಡ್ ಮೇಡಂ ಎರಡು ಕಡೆ ತಿದ್ದಿದರು.

ಬುಗುರಿಗೆ ಮಾತ್ರ ನನ್ನ ಮೇಲೆ ಸಿಟ್ಟು. "ನಾನು ತಪ್ಪು ಮಾಡಿಲ್ಲ. ನಿಮ್ಮ ಹುಬ್ಬು ಹೇಳಿದ್ದೇ ನಾನು ಹೇಳಿದ್ದು," ಎಂದು ಮೂರು ದಿನ ಮಾತು ಬಿಟ್ಟಳು. ಈಗ ನಾನು ಅವಳ ಹಿಂದೆ ಕೂರುತ್ತೇನೆ. ಅವಳಿಗೆ ಹಾಳೆ ಕಾಣುತ್ತದೆ, ಗೋಡೆ ಕಾಣುತ್ತದೆ, ನಾನು ಕಾಣುವುದಿಲ್ಲ. ಮೊದಲ ವಾರ ಎರಡು ಸಲ ಅತ್ತಳು. ನಾನು ಅವಳ ಜಡೆ ನೋಡುತ್ತ ಕಾದೆ. ಚಿಕ್ಕ ಮುಳ್ಳು ಯಾವುದು, ದೊಡ್ಡದು ಯಾವುದು, ಐದೈದರ ಹಾಗೆ ಎಣಿಸುವುದು ಹೇಗೆ, ಎಲ್ಲ ಮತ್ತೆ ಮೊದಲಿನಿಂದ.

ಆಮೇಲೊಂದು ಬೆಳಿಗ್ಗೆ ಮನೆಯಲ್ಲೇ ಮಾಡಿದ ಹೋಂವರ್ಕ್ ತಂದಳು. ಅಮ್ಮ ಪಕ್ಕದಲ್ಲಿ ಕೂತು ಮುಖಕ್ಕೆ ಟವೆಲ್ ಮುಚ್ಚಿಕೊಂಡಿದ್ದರಂತೆ. ಹತ್ತರಲ್ಲಿ ನಾಲ್ಕು ಸರಿ. ಸರಿಯಿಲ್ಲದ ಕಡೆ ತಪ್ಪು ಗುರುತು ಹಾಕಿ, ಮೇಲೆ ನಾಲ್ಕು ಎಂದು ಬರೆದೆ.

"ಐದು ಕೊಡಿ ಮಿಸ್."

"ಕೊಡಲ್ಲ."

"ಯಾಕೆ?"

"ನಾಲ್ಕೇ ಸರಿ ಇರೋದು. ಎಣಿಸ್ಕೋ."

ಬೆರಳಿಟ್ಟು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಅವಳಿಗೂ ನಾಲ್ಕೇ ಬಂತು. ಅದು ಅವಳಿಗೆ ಇಷ್ಟವಾಗಲಿಲ್ಲ, ಆದರೆ ಒಪ್ಪಿಕೊಂಡಳು. ನಂತರ ನನ್ನ ಸ್ಟ್ಯಾಂಪನ್ನು ಎಳೆದುಕೊಂಡು, ಹಾಳೆಯ ಹಿಂಬದಿಯಲ್ಲಿ ಒಂದು ಗಡಿಯಾರ ಒತ್ತಿ, ನಾಲಿಗೆ ಕಚ್ಚಿಕೊಂಡು ಎರಡು ಮುಳ್ಳು ಬರೆದಳು. ಒಂದು ಮೂರರ ಮೇಲೆ, ಒಂದು ಆರರ ಮೇಲೆ. ಎರಡೂ ಒಂದೇ ಉದ್ದ.

"ಎಷ್ಟು ಗಂಟೆ ಮಿಸ್?"

"ಮೂರೂವರೆ," ಎಂದೆ. ಸ್ವಲ್ಪ ತಡೆದು, "ಅಥವಾ ಆರೂಕಾಲು."

"ಒಂದೇ ಉತ್ತರ ಹೇಳ್ಬೇಕು."

ನಾನು ಅವಳ ಮುಖ ನೋಡಿದೆ. ಹುಬ್ಬು, ಮೂಗು, ತುಟಿ ಒಂದೂ ಅಲುಗಲಿಲ್ಲ. ಇಷ್ಟು ದಿನ ಕಲಿತದ್ದನ್ನೆಲ್ಲ ಬಳಸಿ ಮುಖದ ಬಾಗಿಲು ಹಾಕಿಕೊಂಡು ಕೂತಿದ್ದಳು.

"ಆರೂಕಾಲು," ಎಂದೆ.

ನನ್ನ ಪೆನ್ನು ತೆಗೆದುಕೊಂಡು, ಹಾಳೆ ತೂತಾಗುವಷ್ಟು ಒತ್ತಿ, ದೊಡ್ಡದೊಂದು ತಪ್ಪು ಗುರುತು ಹಾಕಿದಳು.

"ಹಾಗಾದ್ರೆ ಎಷ್ಟು?"

"ಅದು ಹೋಂವರ್ಕ್," ಎಂದಳು ಬುಗುರಿ. "ಮನೇಲಿ ಮಾಡ್ಕೊಂಡು ಬನ್ನಿ."